ಸೂತ್ರವುಂಟು, ವೃತ್ತಿಯಿಲ್ಲ

ತಿಳಿಯದವನು ಕೇಳುತ್ತಾನೆ, ತಿಳಿದವನು ಹೇಳುತ್ತಾನೆ. ಸಹಾಯವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥವನ್ನು ಹುಡುಕಬೇಕಾಗಿಲ್ಲ. ಆದರೆ ಗಣಕಯಂತ್ರದ ಪ್ರಪಂಚದಲ್ಲಿ ಈ ಅರ್ಥವು ತಲೆಕೆಳಗಾಗಿದೆ. ಅಲ್ಲಿ ‘ಸಹಾಯ’ವೆಂಬ ಹೆಸರಿನಿಂದ ತೆರೆಯ ಮೇಲೆ ಮೂಡುವ ಬರಹವು ಬಹುಮಟ್ಟಿಗೆ ಮೊದಲೇ ತಿಳಿದವನಿಗೆ ಮಾತ್ರ ತಿಳಿಯುವಂಥದು. ತಿಳಿಯದವನು ಅದನ್ನು ಓದಿ ಮೊದಲಿಗಿಂತ ಹೆಚ್ಚಿನ ಗೊಂದಲಕ್ಕೆ ಬೀಳುತ್ತಾನೆ. ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಆಡಬೇಕೆಂದು ನಾವು ಇಲ್ಲಿ ಹೊರಟಿದ್ದೇವೆ. ನಿದರ್ಶನಕ್ಕಾಗಿ ಕಡತಗಳನ್ನು, ಅಂದರೆ ಫೈಲುಗಳನ್ನು, ಗಂಟು ಕಟ್ಟಿ ಸಂಕೋಚಿಸುವ ಉಪಕರಣಗಳನ್ನು ಆರಿಸಿಕೊಂಡಿದ್ದೇವೆ. ಟಾರ್, ಜೀಜಿಪ್, ಜಿಪ್, ಅನ್‌ಜಿಪ್ ಎಂಬ ಹೆಸರಿನ ಈ ಉಪಕರಣಗಳಿಗೆ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಅವುಗಳಿಂದ ಕೆಲಸ ಮಾಡಿಸಬೇಕು.

ಇದು ನಮ್ಮ ಶಾಲೆಗಳಿಗೆ ಸಂಬಂಧಿಸದ ವಿಷಯವೆಂದು ಯಾರೂ ತಳ್ಳಿಹಾಕದಿರಲಿ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯ ರೂಪವನ್ನು ತಾಳಿತು. ಆ ಮಾರ್ಗವಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಗೂ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವು ಬಂದಿದೆ. ಮೇಲೆ ಹೇಳಿದ ಉಪಕರಣಗಳು ಲಿನಕ್ಸಿನ ಮನೆಮಂದಿ. ಅವುಗಳ ಪ್ರಯೋಜನವು ಕನ್ನಡಿಗರಿಗೆ ಒಂದು ಕೈ ಹೆಚ್ಚೇ ಇದೆ. ಗಣಕದಲ್ಲಿ ಇಂದು ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ‘ಕ’ ಎಂಬುದಕ್ಕೆ 3 ಬೈಟುಗಳು ಬೇಕು. ‘ಕಾ’ ಎಂಬುದಕ್ಕೆ 6. ‘ಕ್ಷ’ ಎಂಬುದಕ್ಕೆ 9. ಈ ಮೂರು ಮೂರು ಬೈಟುಗಳಲ್ಲಿ ಮೊದಲನೆಯ ಎರಡು ಮತ್ತೆ ಮತ್ತೆ ಬರುವಂಥವು. ಮರುಕಳಿಸಿ ಬರುವುದನ್ನು ಗುರುತಿಸಿ ಚಿಕ್ಕದು ಮಾಡುವುದೇ ಸಂಕೋಚನದ ಗುಟ್ಟಾದುದರಿಂದ ಕನ್ನಡದ ಕಡತವು ಚೆನ್ನಾಗಿ ಕುಗ್ಗುತ್ತದೆ. ಈ ಮಾರ್ಗವನ್ನು 1977ರಲ್ಲಿ ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ವಿದ್ಯೆ ದೊಡ್ಡದು, ಉಪಕರಣವೂ ಒಳ್ಳೆಯದು. ಬೆಲೆಯಂತೂ ಇಲ್ಲವೇ ಇಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಉಪಕರಣದ ಕರ್ತೃವು ಕೊಟ್ಟುದನ್ನು ಅದರ ಸಹಾಯಪಠ್ಯವು ಕೊಡದೆ ತಡೆಯುತ್ತದೆ.

ನಮ್ಮ ಆಪಾದನೆಗೆ ಆಧಾರಗಳನ್ನು ಒಂದೊಂದಾಗಿ ಮುಂದಿಡುತ್ತೇವೆ.

ಮೊದಲನೆಯದಾಗಿ ‘ಡಿ’ ಎಂಬ ಒಂದೇ ಅಕ್ಷರವನ್ನು ನೋಡೋಣ. ಜೀಜಿಪ್‌ಗೆ ‘-ಡಿ’ ಎಂದು ಹೇಳಿದರೆ ಸಂಕೋಚಿಸಿದ ಕಡತವನ್ನು ಬಿಡಿಸುತ್ತದೆ. ಅನ್‌ಜಿಪ್‌ಗೆ ಅದೇ ಅಕ್ಷರವನ್ನು ಹೇಳಿದರೆ ಬಿಡಿಸಿದ ಕಡತಗಳನ್ನು ಯಾವ ಫೋಲ್ಡರಿನಲ್ಲಿ ಇಡಬೇಕೆಂಬುದನ್ನು ಸೂಚಿಸಿದಂತಾಗುತ್ತದೆ. ಟಾರ್‌ಗೆ ಹೇಳಿದರೆ ಗಂಟಿನೊಳಗಿನ ಕಡತಕ್ಕೂ ಹೊರಗಿನ ಕಡತಕ್ಕೂ ಇರುವ ವ್ಯತ್ಯಾಸವನ್ನು ಹುಡುಕುತ್ತದೆ. ಜಿಪ್‌ಗೆ ಹೇಳಿದಿರೋ, ಗಂಟಿನೊಳಗಿನ ಕಡತವನ್ನು ಅಳಿಸಿಹಾಕುತ್ತದೆ! ಬಿಡಿಸು, ಇಡು, ಹೋಲಿಸು, ಅಳಿಸು: ಅಕ್ಷರ ಒಂದು, ಅರ್ಥ ನಾಲ್ಕು. ‘ಎಕ್ಸ್’ ಎಂಬ ಅಕ್ಷರದ ಪಾಡೂ ಇದೇ. ಟಾರ್‌ನಲ್ಲಿ ಅದು ಕಡತವನ್ನು ಹೊರತೆಗೆಯಲು; ಜಿಪ್ ಮತ್ತು ಅನ್‌ಜಿಪ್‌ಗಳಲ್ಲಿ ಅದು ಕಡತವನ್ನು ಹೊರಗಿಡಲು. ತೆಗೆಯುವುದು ಬೇರೆ, ಬಿಡುವುದು ಬೇರೆ ಎಂಬುದನ್ನು ನಮ್ಮ ಪ್ರಾಥಮಿಕ ಶಾಲೆಯ ಮಗುವೂ ಬಲ್ಲುದು. ಇನ್ನು ‘ಸಿ’ಯನ್ನು ನೋಡಿದರೆ, ಟಾರ್‌ನಲ್ಲಿ ಅದು ಹೊಸ ಗಂಟನ್ನು ಕಟ್ಟುವ ಆಜ್ಞೆ, ಜೀಜಿಪ್‌ನಲ್ಲಿ ಫಲಿತವನ್ನು ಕಡತದಲ್ಲಿಡದೆ ಹೊರಕ್ಕೆ ಹರಿಯಬಿಡುವ ಆಜ್ಞೆ, ಜಿಪ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಸಾಲಿನ ಟಿಪ್ಪಣಿಯನ್ನು ಸೇರಿಸುವ ಆಜ್ಞೆ. ಒಂದು ಉಪಕರಣದಲ್ಲಿ ಪಡೆದ ಜ್ಞಾನವು ಇನ್ನೊಂದರಲ್ಲಿ ದೀಪವಾಗುವುದರ ಬದಲು ಗುಂಡಿಯಾಗುವುದು ಹೀಗೆ. ಈ ಉಪಕರಣಗಳನ್ನು ಬೇರೆ ಬೇರೆ ಜನರು ಬೇರೆ ಬೇರೆ ಕಾಲದಲ್ಲಿ ರಚಿಸಿದರೆಂಬುದನ್ನು ನಾವು ಬಲ್ಲೆವು. ಅಕ್ಷರಗಳು ಘರ್ಷಿಸಿದುದು ಅಪರಾಧವಲ್ಲ. ಘರ್ಷಿಸುತ್ತವೆಂದು ಒಂದು ಸಾಲನ್ನಾದರೂ ಬರೆದು ಎಚ್ಚರಿಸದಿರುವುದು ಅಪರಾಧ.

ಎರಡನೆಯದು ಜೀಜಿಪ್‌ನ ಸಂಗತಿ. ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದ ಕಡತವನ್ನು ಜೀಜಿಪ್‌ಗೆ ಕೊಟ್ಟನೆನ್ನಿ. ಕ್ಷಣಮಾತ್ರದಲ್ಲಿ ಸಂಕೋಚಿಸಿದ ಹೊಸ ಕಡತವು ಹುಟ್ಟುತ್ತದೆ, ಮೂಲಕಡತವು ಕಣ್ಮರೆಯಾಗುತ್ತದೆ. ಅದನ್ನು ಅಳಿಸುವುದೇ ಈ ಉಪಕರಣದ ರೂಢಿ. ಹೊಸ ಕಡತವನ್ನು ಬಿಡಿಸಿದರೆ ಪ್ರಬಂಧವು ಅಕ್ಷರವೂ ಮುಕ್ಕಾಗದೆ ಮರಳಿ ಬರುವುದೆಂಬುದು ನಿಜ. ಆದರೆ ಹುಡುಗನಿಗೆ ಅದು ಗೊತ್ತಾಗುವುದು ಹೇಗೆ? ಸಹಾಯಪಠ್ಯವನ್ನು ತೆರೆದರೆ ಅದರ ತಲೆಯಲ್ಲಿ ‘ಏನನ್ನೂ ಹೇಳದಿದ್ದರೆ ಕಡತಗಳನ್ನು ಇನ್-ಪ್ಲೇಸ್ ಸಂಕೋಚಿಸುತ್ತದೆ’ ಎಂಬರ್ಥದ ಒಂದು ಮಾತು ಸಿಕ್ಕುತ್ತದೆ. ಇನ್-ಪ್ಲೇಸ್ ಎಂದರೆ ‘ಇದ್ದ ಜಾಗದಲ್ಲಿಯೇ’ ಎಂದು ಅವನು ತಿಳಿದಾನು. ಇದ್ದುದನ್ನು ಅಳಿಸಿ ಆ ಸ್ಥಾನದಲ್ಲಿ ಬೇರೊಂದನ್ನು ಇಡುವುದೆಂಬ ಭಾವವು ಆ ಎರಡು ಪದಗಳಿಂದ ಯಾವ ನಿಘಂಟಿನ ಬಲದಿಂದ ಹೊಳೆಯಬೇಕು? ಇನ್ನೂ ಕೆಳಗೆ ಹೋದರೆ ‘-ಕೆ: ಮೂಲಕಡತವನ್ನು ಉಳಿಸು, ಅಳಿಸಬೇಡ’ ಎಂದಿದೆ. ‘ಅಳಿಸಬೇಡ’ ಎಂಬ ಆಯ್ಕೆಯಿರುವುದರಿಂದ, ಹಾಗೆ ಹೇಳದಿದ್ದರೆ ಅಳಿಸುತ್ತದೆಂದು ಓದುಗನೇ ತರ್ಕಿಸಿ ಕಂಡುಕೊಳ್ಳಬೇಕು. ಇಷ್ಟು ಮುಖ್ಯವಾದ ಸಂಗತಿಯನ್ನು ಅರ್ಥಾಪತ್ತಿಯಿಂದ ಊಹಿಸಿಕೊಳ್ಳಬೇಕೆಂದರೆ, ಅದು ಸಹಾಯವಲ್ಲ, ಪರೀಕ್ಷೆ. 1992ರಲ್ಲಿ ಪ್ರಕಟವಾದ ಈ ಉಪಕರಣಕ್ಕೆ ಆ ‘-ಕೆ’ ಎಂಬ ಆಯ್ಕೆ ಸೇರಿದುದು 2013ರಲ್ಲಿ. ಎರಡು ದಶಕಗಳ ಕಾಲ ಆ ಸುಳಿವೂ ಇರಲಿಲ್ಲ.

ಅದೇ ಪಠ್ಯದಲ್ಲಿ ‘-ಎಲ್’ ಎಂಬ ಆಯ್ಕೆಗೆ ‘ಸಂಕೋಚಿಸಿದ ಕಡತದ ಒಳಗಿರುವುದನ್ನು ಪಟ್ಟಿಮಾಡು’ ಎಂಬರ್ಥದ ವಿವರಣೆಯಿದೆ. ಹಾಗೆಂದು ಆಜ್ಞಾಪಿಸಿದರೆ ಒಳಗಿರುವುದೇನೂ ಕಾಣಿಸುವುದಿಲ್ಲ. ಕುಗ್ಗಿದ ಮೇಲಿನ ಗಾತ್ರ, ಕುಗ್ಗುವ ಮೊದಲಿನ ಗಾತ್ರ, ಶೇಕಡಾ ಎಷ್ಟು ಕುಗ್ಗಿತೆಂಬ ಲೆಕ್ಕ, ಕಡತದ ಹೆಸರು, ಇಷ್ಟೇ ಕಾಣುವುದು. ಪುಸ್ತಕದಲ್ಲಿ ಏನಿದೆಯೆಂದು ಕೇಳಿದವನಿಗೆ ಪುಸ್ತಕದ ತೂಕವನ್ನು ಹೇಳಿದಂತಾಯಿತು. ಇಲ್ಲಿನ ದೋಷವು ಸಂಕ್ಷೇಪದ್ದಲ್ಲ. ಮಾತಿಗೂ ಕೃತಿಗೂ ಹೊಂದಿಕೆಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಘೋರವಾದುದು; ಏಕೆಂದರೆ ಇದರಲ್ಲಿ ಕಡತವು ನಿಜವಾಗಿಯೂ ನಾಶವಾಗುತ್ತದೆ. ‘ಪಾಠ1’, ‘ಪಾಠ2’, ‘ಪಾಠ3’ ಎಂಬ ಮೂರು ಕಡತಗಳನ್ನು ಟಾರ್‌ನಿಂದ ಒಂದು ಗಂಟು ಮಾಡಬೇಕೆಂದು ವಿದ್ಯಾರ್ಥಿಯು ಬಯಸುತ್ತಾನೆ. ‘ಟಾರ್ -ಸಿಎಫ್ ಪಾಠ1 ಪಾಠ2 ಪಾಠ3’ ಎಂದು ಬರೆಯುತ್ತಾನೆ. ಕೆಲಸದ ಹೆಸರನ್ನು ಹೇಳಿ ಆಮೇಲೆ ವಸ್ತುಗಳ ಹೆಸರನ್ನು ಹೇಳುವುದು ಯಾರಿಗಾದರೂ ಸಹಜವೇ ತಾನೆ? ಆದರೆ ‘ಎಫ್’ ಎಂಬುದರ ಮುಂದೆ ಬರುವ ಹೆಸರು ಗಂಟಿನ ಹೆಸರೆಂಬುದು ಟಾರ್‌ನ ನಿಯಮ. ಆದಕಾರಣ ಅದು ‘ಪಾಠ1’ ಎಂಬ ಹೆಸರಿನಲ್ಲಿಯೇ ಗಂಟು ಕಟ್ಟಿ, ಅದರೊಳಗೆ ಉಳಿದೆರಡನ್ನು ತುಂಬುತ್ತದೆ. ಮೊದಲನೆಯ ಪಾಠವು ಇದ್ದ ಕುರುಹೂ ಉಳಿಯುವುದಿಲ್ಲ. ಅಳಿಸಲೇ ಎಂದು ಅದು ಕೇಳುವುದಿಲ್ಲ; ಅಳಿಸಿದೆನೆಂದು ಹೇಳುವುದೂ ಇಲ್ಲ. ಸಹಾಯಪಠ್ಯದಲ್ಲಿ ‘ಎಫ್’ನ ಎದುರಿಗೆ ‘ಈ ಕಡತವನ್ನು ಅಥವಾ ಸಾಧನವನ್ನು ಗಂಟಾಗಿ ಬಳಸು’ ಎಂಬಷ್ಟೇ ಇದೆ. ಆ ಹೆಸರಿನ ಕಡತವು ಮೊದಲೇ ಇದ್ದರೆ ಅದರ ಗತಿಯೇನೆಂಬುದು ಅಲ್ಲಿಲ್ಲ.

ಈ ಅಪಾಯವನ್ನು ಕರ್ತೃಗಳು ಅರಿಯರೇ? ಚೆನ್ನಾಗಿ ಅರಿತಿದ್ದಾರೆ. ‘ಟಾರ್ -ಸಿಎಫ್ ಪಾಠ1’ ಎಂದು ಒಂದೇ ಹೆಸರನ್ನು ಕೊಟ್ಟರೆ ಆ ಉಪಕರಣವು, ಖಾಲಿ ಗಂಟನ್ನು ಕಟ್ಟಲು ತಾನು ಹೇಡಿಯಂತೆ ಹಿಂಜರಿಯುತ್ತಿರುವುದಾಗಿ ತಮಾಷೆಯ ಮಾತೊಂದನ್ನು ಹೇಳಿ ನಿಂತುಬಿಡುತ್ತದೆ. ಹೆಸರು ಒಂದಾದರೆ ಹೇಡಿ, ಎರಡಾದರೆ ಶೂರ! ಕಡತವನ್ನು ಉಳಿಸಿದ ಆ ಹೇಡಿತನವನ್ನು ನಾವು ಮೆಚ್ಚುತ್ತೇವೆ. ಆದರೆ ತಾನು ಏಕೆ ಹಿಂಜರಿದೆನೆಂಬ ಕಾರಣವನ್ನು ಹೇಳಿದ್ದರೆ ಹುಡುಗನು ಅಂದೇ ಪಾಠ ಕಲಿಯುತ್ತಿದ್ದನು. ಹಾಸ್ಯಕ್ಕೆ ಸಾಲದಾಗದ ಜಾಗವು ವಿವರಣೆಗೆ ಸಾಲದಾಯಿತೇ?

ನಾಲ್ಕನೆಯದು ಜಿಪ್‌ನ ‘-ಎಂ’ ಎಂಬ ಆಯ್ಕೆ. ಕಡತಗಳನ್ನು ಗಂಟಿಗೆ ಸೇರಿಸಿದ ಮೇಲೆ ಹೊರಗಿರುವ ಮೂಲಗಳನ್ನು ಅಳಿಸುವುದು ಅದರ ಕೆಲಸ. ಇದನ್ನು ಸಹಾಯಪಠ್ಯವು ‘ಗಂಟಿನೊಳಕ್ಕೆ ಸಾಗಿಸು, ಓಎಸ್ ಕಡತಗಳನ್ನು ಅಳಿಸು’ ಎಂಬರ್ಥದಲ್ಲಿ ಹೇಳುತ್ತದೆ. ಓಎಸ್ ಎಂದರೆ ಗಣಕವನ್ನೇ ನಡೆಸುವ ಕಾರ್ಯಾಚರಣ ವ್ಯವಸ್ಥೆಯೆಂದು ನಾವು ತರಗತಿಯಲ್ಲಿ ಕಲಿಸಿದ್ದೇವೆ. ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿಯು ಈ ಸಾಲನ್ನು ಓದಿದರೆ, ಗಣಕದ ಪ್ರಾಣವೇ ಹೋಗುವುದೆಂದು ಬೆದರಿ ಕೈ ಹಿಂದೆಗೆಯುತ್ತಾನೆ. ಕಲಿಯದವನು ಅರ್ಥವಾಗದೆ ಮುಂದುವರಿಯುತ್ತಾನೆ. ಕಲಿತವನಿಗೆ ಹೆಚ್ಚು ತಪ್ಪಾಗಿ ತೋರುವ ವಾಕ್ಯವನ್ನು ಸಹಾಯವೆಂದು ಕರೆಯುವುದಾದರೂ ಹೇಗೆ?

ಇಷ್ಟಾದ ಮೇಲೆ, ತೊಡಕು ನಮ್ಮ ಮಕ್ಕಳ ಬುದ್ಧಿಯದೆಂದು ಹೇಳುವವರು ಇಲ್ಲದಿಲ್ಲ. ಅವರು ಅಮೆರಿಕದ ವ್ಯಂಗ್ಯಚಿತ್ರಕಾರ ರ‍್ಯಾಂಡಲ್ ಮನ್ರೋ ಎಂಬವರು 2013ರಲ್ಲಿ ಬರೆದ ಚಿತ್ರವೊಂದನ್ನು ನೋಡಲಿ. ಸಿಡಿಗುಂಡಿನ ಮುಂದೆ ನಿಂತವರು ಬದುಕಬೇಕಾದರೆ ಹತ್ತು ಸೆಕೆಂಡುಗಳಲ್ಲಿ, ಎಲ್ಲಿಯೂ ಹುಡುಕಿ ನೋಡದೆ, ಟಾರ್‌ನ ಒಂದು ಸರಿಯಾದ ಆಜ್ಞೆಯನ್ನು ಮೊದಲ ಪ್ರಯತ್ನದಲ್ಲಿಯೇ ಬರೆಯಬೇಕಂತೆ! ಅದನ್ನು ಕಂಡು ನಕ್ಕವರು ಗಣಕವನ್ನೇ ವೃತ್ತಿಯಾಗಿ ಉಳ್ಳವರು. ಇಂಗ್ಲಿಷನ್ನು ತಾಯ ಹಾಲಿನೊಡನೆ ಕುಡಿದ ಪಂಡಿತರಿಗೇ ಹೀಗಾದರೆ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಬೀದಿಯಲ್ಲಿ ಮಲಯಾಳವನ್ನು ಕೇಳಿ, ಇಂಗ್ಲಿಷನ್ನು ಪಾಠವಾಗಿ ಓದಿದ ನಮ್ಮ ಹುಡುಗನ ಪಾಡೇನು? ಕಡತವು ಹೋದುದು ಚಿಕ್ಕ ನಷ್ಟ. ‘ಇದು ನನ್ನಂಥವನಿಗಲ್ಲ’ ಎಂದು ಅವನು ಆ ಕಿಟಕಿಯನ್ನು ಮುಚ್ಚಿ ಎದ್ದುಹೋಗುವುದು ದೊಡ್ಡ ನಷ್ಟ. ತಪ್ಪು ಪಠ್ಯದ್ದು, ದಡ್ಡನೆಂಬ ಹೆಸರು ಮಾತ್ರ ಓದಿದವನಿಗೆ.

ಈ ಬಿಗಿಬರಹಕ್ಕೆ ಒಂದು ಚರಿತ್ರೆಯುಂಟು. ಅದನ್ನು ಮರೆಮಾಚಿದರೆ ನಾವು ನ್ಯಾಯವಾದಿಗಳಾಗಲಾರೆವು. ಯೂನಿಕ್ಸ್‌ನ ಮೊದಲ ಕೈಪಿಡಿಯು 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತಿದೆ. ಆ ಕಾಲದಲ್ಲಿ ಗಣಕದ ಮಾತು ತೆರೆಯ ಮೇಲೆ ಮಿಂಚುತ್ತಿರಲಿಲ್ಲ. ಟೆಲಿಟೈಪಿನ ಕಾಗದದ ಮೇಲೆ ಟಕಟಕನೆ ಅಚ್ಚಾಗುತ್ತಿತ್ತು. ಟೆಲಿಟೈಪ್ 33 ಎಂಬ ಮಾದರಿಯ ವೇಗ ಸೆಕೆಂಡಿಗೆ 10 ಅಕ್ಷರಗಳು. 2000 ಅಕ್ಷರಗಳ ಸಹಾಯಪಠ್ಯವು ಅಚ್ಚಾಗಬೇಕಾದರೆ ಮೂರು ನಿಮಿಷಕ್ಕೂ ಮೇಲೆ ಕಾದಿರಬೇಕಾಗಿತ್ತು. ಅಂಥಲ್ಲಿ ಒಂದೊಂದು ಅಕ್ಷರವನ್ನೂ ಜಿಪುಣನ ಕಾಸಿನಂತೆ ಎಣಿಸಿದುದು ವಿವೇಕವೇ ಸರಿ. ಟಾರ್ 1979ರ ಏಳನೆಯ ಆವೃತ್ತಿಯ ಯೂನಿಕ್ಸ್‌ನೊಡನೆ ಬಂದಿತು. ಕಡತಗಳನ್ನು ಕಾಂತಪಟ್ಟಿಯ ಸುರುಳಿಯಲ್ಲಿ, ಅಂದರೆ ಟೇಪಿನಲ್ಲಿ, ಶೇಖರಿಸುವುದಕ್ಕಾಗಿ ಹುಟ್ಟಿದುದರಿಂದಲೇ ಅದಕ್ಕೆ ಆ ಹೆಸರು. ಕಡತದ ಹೆಸರನ್ನು ‘ಎಫ್’ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿರುವುದೂ ಆ ಟೇಪಿನ ಋಣವೇ. ಆದರೆ ಇಂದು ನಮ್ಮ ಶಾಲೆಯ ಯಾವ ಕೋಣೆಯಲ್ಲಿಯೂ ಟೆಲಿಟೈಪಿಲ್ಲ. ಎರಡು ಸಾವಿರ ಅಕ್ಷರಗಳು ಕಣ್ಣು ಮಿಟುಕಿಸುವುದರೊಳಗೆ ಮೂಡುತ್ತವೆ. ಬರಗಾಲ ಮುಗಿದು ಐವತ್ತು ವರ್ಷಗಳಾದರೂ ಗಂಜಿಯನ್ನೇ ಬಡಿಸುವುದಕ್ಕೆ ಯಾವ ಸಮರ್ಥನೆಯಿದೆ?

ಸಂಕ್ಷೇಪವೇ ದೋಷವೆಂದು ನಾವು ಹೇಳುತ್ತಿಲ್ಲವೆಂಬುದನ್ನು ಕನ್ನಡದ ಅಧ್ಯಾಪಕರು ಗಮನಿಸಬೇಕು. ಸಂಕ್ಷೇಪದ ರುಚಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಡೀ ಕನ್ನಡ ವ್ಯಾಕರಣವನ್ನು ಕಂದಪದ್ಯಗಳ ಸೂತ್ರಗಳಲ್ಲಿ ಅಡಕಮಾಡಿದನು. ಆದರೆ ಆ ಮಹನೀಯನು ಅಷ್ಟಕ್ಕೆ ಕೈ ತೊಳೆದುಕೊಳ್ಳಲಿಲ್ಲ. ಸೂತ್ರದ ಕೆಳಗೆ ತಾನೇ ಗದ್ಯದಲ್ಲಿ ವೃತ್ತಿಯನ್ನು ಬರೆದನು. ವೃತ್ತಿಯ ಕೆಳಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಉದಾಹರಿಸಿದನು. ಭಟ್ಟಾಕಳಂಕನೂ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದಾಗ ಅವಕ್ಕೆ ವಿವರಣೆಯನ್ನು ಕೂಡಿಸಿಯೇ ಲೋಕಕ್ಕೆ ಕೊಟ್ಟನು. ಸೂತ್ರವು ನೆನಪಿಗೆ, ವೃತ್ತಿಯು ತಿಳಿವಳಿಕೆಗೆ, ಪ್ರಯೋಗವು ಕೈಹಿಡಿತಕ್ಕೆ ಎಂಬ ಶಿಕ್ಷಣತತ್ತ್ವವು ಓಲೆಗರಿಯ ಕಾಲದಲ್ಲಿಯೇ ನಮ್ಮವರಿಗೆ ಗೊತ್ತಿತ್ತು. ಗರಿಯ ಮೇಲೆ ಕಂಟದಿಂದ ಕೊರೆದು ಬರೆಯುವವನಿಗೆ ಒಂದು ಸಾಲೂ ಶ್ರಮವೇ. ಆದರೂ ಅವನು ಬರೆದನು. ಶ್ರಮವಿಲ್ಲದೆ ಬರೆಯಬಲ್ಲವನು ಇಂದು ಸೂತ್ರವನ್ನು ಮಾತ್ರ ಎಸೆದು, ಅದನ್ನು ಸಹಾಯವೆನ್ನುತ್ತಿದ್ದಾನೆ.

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಪರಿಶೀಲಿಸೋಣ.

‘ಸಹಾಯಪಠ್ಯವು ನೆನಪಿನೋಲೆ ಮಾತ್ರ, ವಿವರ ಬೇಕಾದವನು ಪೂರ್ಣ ಕೈಪಿಡಿಯನ್ನು ಓದಲಿ’ ಎಂಬುದು ಮೊದಲನೆಯ ಆಕ್ಷೇಪ. ಹಾಗಾದರೆ ಅದಕ್ಕೆ ನೆನಪಿನೋಲೆಯೆಂದೇ ಹೆಸರಿಡಲಿ. ಸಹಾಯವೆಂದು ಫಲಕ ಹಾಕಿದ ಬಾಗಿಲಿಗೆ ಬಂದವನನ್ನು ಇನ್ನೊಂದು ಬಾಗಿಲಿಗೆ ಕಳುಹಿಸುವುದು ಕಚೇರಿಗಳ ರೀತಿ. ಅದರ ಅನುಭವ ಗಡಿನಾಡಿನವರಾದ ನಮಗೆ ಸಾಕಷ್ಟಿದೆ. ಕೈಪಿಡಿಯಲ್ಲಿ ಎಲ್ಲವೂ ಇರಬಹುದು. ಆದರೆ ಕಡತವು ಅಳಿಯುವುದೆಂಬ ಒಂದು ಮಾತು ಎರಡೂ ಕಡೆ ಇರಬೇಕು.

‘ಪುಕ್ಕಟೆಯಾಗಿ ದುಡಿದು ಕೊಟ್ಟವರನ್ನು ದೂರುವುದು ಕೃತಘ್ನತೆ’ ಎಂಬುದು ಎರಡನೆಯದು. ಆ ಮಹನೀಯರಿಗೆ ನಾವು ತಲೆಬಾಗುತ್ತೇವೆ. ಪುಕ್ಕಟೆಯಾಗಿ ಪಾಠ ಹೇಳುವ ಗುರುವಿನ ಮಾತು ಹಿಂದಿನ ಬೆಂಚಿಗೆ ಕೇಳಿಸದಿದ್ದರೆ, ಸ್ವಲ್ಪ ಗಟ್ಟಿಯಾಗಿ ಹೇಳಿರೆಂದು ಬೇಡಿಕೊಳ್ಳುವುದು ಕೃತಘ್ನತೆಯಲ್ಲ.

‘ಹಳೆಯ ಅಕ್ಷರಗಳನ್ನು ಬದಲಾಯಿಸಿದರೆ, ಅವನ್ನು ನಂಬಿ ಲೋಕದಾದ್ಯಂತ ಬರೆದಿಟ್ಟ ಆಜ್ಞಾಮಾಲೆಗಳು ಮುರಿದುಬೀಳುತ್ತವೆ’ ಎಂಬುದು ಮೂರನೆಯದು, ಇದರಲ್ಲಿ ತಥ್ಯವಿದೆ. ಅಕ್ಷರಗಳು ಇದ್ದಂತೆಯೇ ಇರಲಿ. ವಿವರಣೆಯನ್ನು ತಿದ್ದಿದರೆ ಯಾವ ಆಜ್ಞೆಯೂ ಮುರಿಯುವುದಿಲ್ಲ. ಹಾವೂ ಸತ್ತು ಕೋಲೂ ಮುರಿಯದ ಇಂಥ ಉಪಾಯವು ಕೈಯಲ್ಲಿರುವಾಗ ಸುಮ್ಮನಿರುವುದಕ್ಕೆ ಕಾರಣವೇನು?

‘ಈಗ ಕೇಳಿದುದಕ್ಕೆಲ್ಲ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ, ಸಹಾಯಪಠ್ಯವನ್ನು ಯಾರು ಓದುತ್ತಾರೆ?’ ಎಂದು ನಾಲ್ಕನೆಯವರು ನಗಬಹುದು. ಕತ್ತಿಯ ಮೊನೆ ಯಾವುದೆಂದು ಕತ್ತಿಯನ್ನು ಮಾಡಿದವನೇ ಹೇಳದೆ, ದಾರಿಹೋಕನನ್ನು ಕೇಳಿ ತಿಳಿದುಕೊಳ್ಳಿರೆಂದಂತೆ ಈ ಮಾತು. ದಾರಿಹೋಕನು ತಪ್ಪು ಹೇಳಿದರೆ ರಕ್ತ ಬರುವುದು ನಮ್ಮ ಕೈಯಿಂದ.

ಟಾರ್‌ನ ಈಗಿನ ಸಹಾಯಪಠ್ಯವು ಮೊದಲಿನಲ್ಲಿಯೇ ಮೂರು ಉದಾಹರಣೆಗಳನ್ನು ಕೊಡುತ್ತದೆಂಬುದನ್ನು ಒಪ್ಪಿ ಅಭಿನಂದಿಸುತ್ತೇವೆ. ಆದರೆ ಅವುಗಳ ಬೆನ್ನಿಗೇ ನೂರಕ್ಕೂ ಹೆಚ್ಚು ಆಯ್ಕೆಗಳು ಸುರಿಯುವುದರಿಂದ, ಓದುಗನ ಕಣ್ಣು ತೆರೆಯ ಮೇಲೆ ನೆಲೆಸುವ ಹೊತ್ತಿಗೆ ಆ ಮೂರೂ ಮೇಲಕ್ಕೆ ಸರಿದು ಮರೆಯಾಗಿರುತ್ತವೆ. 2016ರಲ್ಲಿ ಬಂದ ಜಡ್‌ಸ್ಟ್ಯಾಂಡರ್ಡ್ ಎಂಬ ಹೊಸ ಉಪಕರಣವು ಮೂಲಕಡತವನ್ನು ಅಳಿಸುವುದಿಲ್ಲ. ಉಳಿಸುವುದೇ ತನ್ನ ರೂಢಿಯೆಂದು ಸಹಾಯಪಠ್ಯದಲ್ಲಿಯೇ ಹೇಳುತ್ತದೆ. ಮನಸ್ಸು ಮಾಡಿದರೆ ಸಾಧ್ಯವೆಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ನಾವು ಕೇಳುವುದು ಹೆಚ್ಚೇನಲ್ಲ. ಮೂಲಕಡತವು ಉಳಿಯುವುದೋ ಅಳಿಯುವುದೋ ಎಂಬುದು ಮೊದಲ ಸಾಲಿನಲ್ಲಿ ಇರಲಿ. ಹಾನಿ ಮಾಡಬಲ್ಲ ಆಯ್ಕೆಗಳು ಉಳಿದವುಗಳ ನಡುವೆ ಅಡಗದೆ ಬೇರೆಯಾಗಿ ನಿಲ್ಲಲಿ. ಉದಾಹರಣೆಗಳು ಕಣ್ಣು ನಿಲ್ಲುವ ಕೊನೆಯಲ್ಲಿ ಬರಲಿ. ಬರೆದವನು ಆ ಉಪಕರಣವನ್ನು ಎಂದೂ ಕಾಣದ ಒಬ್ಬ ವಿದ್ಯಾರ್ಥಿಯ ಮುಂದೆ ತನ್ನ ಪಠ್ಯವನ್ನಿಟ್ಟು, ಅವನು ಎಲ್ಲಿ ಎಡವುತ್ತಾನೆಂದು ಒಮ್ಮೆ ನೋಡಲಿ.

ಅವರು ಮಾಡುವವರೆಗೆ ನಾವು ಕೈ ಕಟ್ಟಿ ಕುಳಿತಿರಬೇಕಾಗಿಲ್ಲ. ಅಧ್ಯಾಪಕ ಬಂಧುಗಳೇ, ವೃತ್ತಿಯನ್ನು ಬರೆಯುವುದು ನಮ್ಮ ಕುಲವಿದ್ಯೆ. ‘ಟಾರ್ -ಸಿಎಫ್: ಸಿ ಎಂದರೆ ಹೊಸ ಗಂಟನ್ನು ಕಟ್ಟು. ಎಫ್‌ನ ಮುಂದೆ ಬರುವ ಹೆಸರು ಗಂಟಿನ ಹೆಸರು. ಆ ಹೆಸರಿನ ಕಡತವು ಮೊದಲೇ ಇದ್ದರೆ ಕೇಳದೆ ಅಳಿಯುತ್ತದೆ, ಎಚ್ಚರ. ಗಂಟಿಗೆ ಸೇರಬೇಕಾದ ಕಡತಗಳ ಹೆಸರು ಆಮೇಲೆ ಬರಬೇಕು. ಅವು ಇದ್ದಲ್ಲಿಯೂ ಉಳಿಯುತ್ತವೆ. ಪ್ರಯೋಗ: ಟಾರ್ -ಸಿಎಫ್ ಗಂಟು ಪಾಠ1 ಪಾಠ2 ಪಾಠ3.’ ಇದನ್ನು ಬರೆಯುವುದಕ್ಕೆ ಎಷ್ಟು ಸಾಲುಗಳು ಬೇಕಾದವು? ಇಂಥ ಹತ್ತು ವೃತ್ತಿಗಳನ್ನು ಒಂದು ಹಾಳೆಯಲ್ಲಿ ಬರೆದು ಗಣಕದ ಕೋಣೆಯ ಗೋಡೆಗೆ ಅಂಟಿಸಿದರೆ, ಒಂದು ವರ್ಷದ ವಿದ್ಯಾರ್ಥಿಗಳ ಕಣ್ಣೀರು ಉಳಿಯುತ್ತದೆ.

ವಿದ್ಯಾರ್ಥಿ ಬಾಂಧವರೇ, ನಿಮಗೂ ಒಂದು ಮಾತು. ಸಹಾಯಪಠ್ಯವನ್ನು ಓದಿ ಅರ್ಥವಾಗದಿದ್ದರೆ ಮೊದಲು ನಿಮ್ಮನ್ನು ಹಳಿದುಕೊಳ್ಳಬೇಡಿರಿ. ಎಲ್ಲಿ ಅರ್ಥವಾಗಲಿಲ್ಲವೋ ಆ ಸಾಲನ್ನು ಗುರುತು ಹಾಕಿಕೊಳ್ಳಿರಿ. ತಿಳಿದ ಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆದು ಪಕ್ಕದವನಿಗೆ ಕೊಡಿರಿ. ಸ್ವತಂತ್ರ ತಂತ್ರಾಂಶವೆಂದರೆ ಓದುವುದಕ್ಕೂ ತಿದ್ದುವುದಕ್ಕೂ ಎಲ್ಲರಿಗೂ ಹಕ್ಕುಳ್ಳ ತಂತ್ರಾಂಶ. ಆ ಪಠ್ಯವನ್ನು ಬರೆದವರಿಗೆ ತಿದ್ದುಪಡಿಯನ್ನು ಕಳುಹಿಸುವ ಅಧಿಕಾರವು ಕಾಸರಗೋಡಿನ ಹತ್ತನೆಯ ತರಗತಿಯ ಹುಡುಗಿಗೂ ಇದೆ. ಅವಳು ಅದನ್ನು ಒಂದು ದಿನ ಚಲಾಯಿಸಲಿ.